ಓರಿನ್ ತಿರುಪು

ಓರಿನ್ ಬ್ಲಾಜೆಟ್ ಹೊಳೆಯ ಈಚೆ ದಡದಲ್ಲಿ ಸೀನಿದರೆ ಆಚೆ ದಡದ ಜರ್ಮನರು ‘ಆರೋಗ್ಯ, ಆರೋಗ್ಯ’ ಎಂದು ಹರಸುತ್ತಾರೆ ಅಂತ ನಮ್ಮ ಫೆನ್‌ಬರಿಯಲ್ಲಿ ಒಂದು ತಮಾಷೆ ಇತ್ತು. ಅಂಥಾ ಗಂಟಲು ಅವನದ್ದು. ಆ ಗಂಟಲಿನ ಮನುಷ್ಯ ಕೊನೆಯ ಹತ್ತು ಹನ್ನೆರಡು ವರ್ಷ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳದ ಹಾಗೆ ಮಾತಾಡಿಕೊಂಡು ಬದುಕಿ ಸತ್ತ. ಯಾಕೆ ಅಂತ ಊರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ತಮ್ಮ ಪಾಲನ್ನೂ ಹೇಳಬೇಕಾಗುತ್ತದಲ್ಲ!

ಕಸುಬಿನಿಂದ ಅವನು ಕುದುರೆಗಳ ಜೀನು, ಲಗಾಮು, ಕೊರಳಪಟ್ಟಿ ಹೊಲಿಯುವವನು. ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಅಪ್ಪ ಅಮ್ಮ ಇಬ್ಬರೂ ಒಂದೇ ಚಳಿಗಾಲದ ಜ್ವರಕ್ಕೆ ಹೋಗಿಬಿಟ್ಟರು. ಉಳಿದದ್ದು ಅಂಗಡಿ ಮತ್ತು ಪುಟ್ಟ ತಂಗಿ ಹೆಟ್ಟಿ. ಅವಳಿಗೆ ಗಂಜಿ ಬೇಯಿಸಿದ್ದು ಇವನು, ಭಾನುವಾರ ಚರ್ಚಿಗೆ ಕೈಹಿಡಿದು ಕರೆದುಕೊಂಡು ಹೋದದ್ದು ಇವನು, ಜಡೆ ಹಾಕಿದ್ದೂ ಇವನೇ. ಚಾವಟಿ ಹೆಣೆದು ಪಳಗಿದ ಕೈ ನೋಡಿ, ಹೆಟ್ಟಿಯ ಜಡೆ ಒಮ್ಮೆ ಹಾಕಿದರೆ ವಾರಗಟ್ಟಲೆ ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ನಕ್ಕರೆ ಅವಳು, "ನಮ್ಮಣ್ಣ ಹಾಕಿದ್ದು ಕಣ್ರೇ, ಕುದುರೆ ಎಳೆದ್ರೂ ಬರಲ್ಲ" ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಈಗ ಬೆಂಕಿಯ ದಳಗಳ ವಿಷಯ ಹೇಳಬೇಕು. ಫೆನ್‌ಬರಿ ಮೊದಲು ಎರಡು ಊರಾಗಿತ್ತು. ಹೊಳೆಯ ಪೂರ್ವಕ್ಕೆ ಹಳೆಯ ಅಮೆರಿಕನ್ನರು, ಪಶ್ಚಿಮಕ್ಕೆ ಜರ್ಮನರು. ನಡುವೆ ಸೇತುವೆ ಹಾಕಿ ಒಂದು ನಗರ ಎಂದು ಹೆಸರಿಟ್ಟರೂ ಬೆಂಕಿ ಆರಿಸುವ ದಳ ಮಾತ್ರ ದಡಕ್ಕೊಂದು ಉಳಿಯಿತು. ಸಂಬಳವಿಲ್ಲದ ಸ್ವಯಂಸೇವಕರು, ಕೆಂಪು ಅಂಗಿ, ಚಿನ್ನದ ಬಣ್ಣ ಬಳಿದ ಪೈಪಿನ ಬಂಡಿ. ಎಲ್ಲಿ ಬೆಂಕಿ ಬಿದ್ದರೂ ಎರಡೂ ದಳ ಓಡಬೇಕು. ಯಾರು ಮೊದಲು ನೀರು ಹಾಯಿಸುತ್ತಾರೋ ಅವರಿಗೆ ಮನೆಯ ಯಜಮಾನ ಒಂದು ಪೀಪಾಯಿ ಬಿಯರ್ ಕೊಡಬೇಕು, ಪತ್ರಿಕೆಯಲ್ಲಿ ಅವರ ಹೆಸರೇ ಬರಬೇಕು. ‘ಮೊದಲ ನೀರು’ ಅಂದರೆ ಆಗ ಪ್ರಾಣ. ಮನೆ ಸುಟ್ಟರೂ ಚಿಂತೆಯಿಲ್ಲ, ಮೊದಲ ನೀರು ನಮ್ಮದಾಗಬೇಕು. ನಗಬೇಡಿ, ಆ ಹುಚ್ಚು ಹಿಡಿದಿದ್ದವರೆಲ್ಲ ಬುದ್ಧಿವಂತರೇ.

ಒಂದು ಸಲ ಪೂರ್ವದ ಹಿಟ್ಟಿನ ಗಿರಣಿಗೆ ಬೆಂಕಿ ಬಿದ್ದಾಗ ಪಶ್ಚಿಮದವರು ಸೇತುವೆ ದಾಟಿ ಬಂದು, ನಮ್ಮದೇ ಬೀದಿಯ ನಲ್ಲಿಕಂಬಕ್ಕೆ ತಮ್ಮ ಪೈಪು ತಿರುಗಿಸಿ, ನಮ್ಮವರ ಮೂಗಿನ ಕೆಳಗೇ ಮೊದಲ ನೀರು ಹಾಯಿಸಿದರು. ಅಯ್ಯೋ, ಆ ಅವಮಾನ! ಪೂರ್ವದ ಗಂಡಸರು ತಿಂಗಳುಗಟ್ಟಲೆ ಸೇತುವೆಯ ಕಡೆ ಮುಖ ಹಾಕಲಿಲ್ಲ. ಆಗ ದಳದ ಮುಂದಾಳು ಓರಿನ್, ಬಿಸಿರಕ್ತದ ವಯಸ್ಸು. ಸೀದಾ ಕಮ್ಮಾರಸಾಲೆಗೆ ಹೋಗಿ, ಪೂರ್ವದ ನಲ್ಲಿಕಂಬಗಳ ಬಾಯಿಗೂ ತಮ್ಮ ಪೈಪುಗಳ ಹಿತ್ತಾಳೆ ಬಾಯಿಗೂ ಹೊಸ ತಿರುಪು ಕೊರೆಸಿದ. ಅಂಗುಲಕ್ಕೆ ಮೊದಲಿಗಿಂತ ಒಂದು ಸುತ್ತು ಹೆಚ್ಚು, ಅಷ್ಟೇ. ಕಣ್ಣಿಗೆ ಕಾಣುವಂಥದ್ದಲ್ಲ.

ಮುಂದಿನ ಬೆಂಕಿಗೆ ಪಶ್ಚಿಮದವರು ಓಡಿಬಂದು ಪೈಪು ಹಿಡಿದು ತಿರುಗಿಸಿದರು, ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಕೂರಲಿಲ್ಲ. ಓರಿನ್ ದಳದವರಿಗೆ ಆಜ್ಞೆ ಕೂಗುವ ತುತ್ತೂರಿಯನ್ನು ಬಾಯಿಗಿಟ್ಟು ಇಡೀ ಬೀದಿಗೆ ಕೇಳುವಂತೆ ಕೂಗಿದ: "ಏನ್ರಯ್ಯಾ, ಇನ್ನೂ ಸುತ್ತುತಾನೇ ಇದ್ದೀರಾ? ಸ್ವಲ್ಪ ಬೆಣ್ಣೆ ತರಿಸಿಕೊಡ್ಲಾ?"

ಊರು ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಅದಕ್ಕೆ ‘ಓರಿನ್ ತಿರುಪು’ ಎಂದೇ ಹೆಸರಾಯಿತು. ದಳದವರು ಚಂದಾ ಎತ್ತಿ ಅವನಿಗೆ ಬೆಳ್ಳಿಯ ತುತ್ತೂರಿ ಮಾಡಿಸಿಕೊಟ್ಟರು. ಪಶ್ಚಿಮದವರು ಮಾತ್ರ ತಮ್ಮ ಹಳೇ ತಿರುಪನ್ನೇ ಇಟ್ಟುಕೊಂಡು, ನಿಮ್ಮ ಸಹವಾಸವೇ ಬೇಡ ಎಂದು ಕೂತರು. ಓರಿನ್ ನಗರಸಭೆಗೆ ನಿಂತಾಗ ಬೇರೆ ಭಾಷಣವೇ ಬೇಕಾಗಲಿಲ್ಲ. ಬೆಣ್ಣೆಯ ಕಥೆ ಹೇಳಿದರೆ ಸಾಕು, ಓಟು ಬಿತ್ತು. ಅದೇ ಏಣಿ ಹತ್ತಿ ಮುಂದೆ ಮೇಯರೂ ಆದ.

ಇಷ್ಟರಲ್ಲಿ ಹೆಟ್ಟಿ ಏನು ಮಾಡಿದಳು ಗೊತ್ತೇ? ಪಶ್ಚಿಮದ ದಳದ ಮುಂದಾಳು, ಪೀಪಾಯಿ ಮಾಡುವ ಎಮಿಲ್ ಕ್ರಾಟ್ಜ್‌ನನ್ನೇ ಮದುವೆಯಾಗುತ್ತೇನೆ ಎಂದು ಕೂತಳು.

"ಇಡೀ ಊರಲ್ಲಿ ನಿಂಗೆ ಆ ಪೀಪಾಯಿಯವನೇ ಸಿಕ್ಕಿದ್ನಾ?" ಎಂದು ಓರಿನ್ ಹಾರಾಡಿದ.

"ಅವನು ನಿನ್ನ ಹಾಗೆ ಕೂಗಲ್ಲ ಅಣ್ಣ. ಕೂಗೋರು ಮನೇಲಿ ಒಬ್ಬರಿದ್ರೆ ಸಾಕು" ಅಂದಳು ಹೆಟ್ಟಿ.

ಮದುವೆಯ ದಿನ ಓರಿನ್ ಮುಖ ಗಂಟಿಕ್ಕಿಕೊಂಡೇ ನಿಂತಿದ್ದ. ಆದರೆ ಎಮಿಲ್ ಎಂಥ ಮನುಷ್ಯ ಅಂದರೆ ಅವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದೇ ಕಷ್ಟ. ತೋಳು ಮರದ ಕೊರಡು, ಮಾತು ಮೆಲ್ಲಗೆ, ಕಣ್ಣಲ್ಲಿ ಸದಾ ಒಂದು ಕುಚೇಷ್ಟೆ. ವರ್ಷ ತುಂಬುವುದರೊಳಗೆ ಓರಿನ್ ಪ್ರತಿ ಭಾನುವಾರ ಸೇತುವೆ ದಾಟಿ ತಂಗಿಯ ಮನೆಗೆ ಊಟಕ್ಕೆ ಹೋಗತೊಡಗಿದ. ಹುಳಿ ಎಲೆಕೋಸು, ಹಂದಿಮಾಂಸ, ಹಿಟ್ಟಿನ ಕಡುಬು, ಎಮಿಲ್‌ನ ಪೀಪಾಯಿಯಲ್ಲಿ ಹಾಕಿದ ಸೌತೆಕಾಯಿ ಉಪ್ಪಿನಕಾಯಿ. ಹೆಟ್ಟಿಗೆ ಮಕ್ಕಳಾಗಲಿಲ್ಲ, ಓರಿನ್ ಮದುವೆಯಾಗಲಿಲ್ಲ. ಆ ಮೇಜಿನ ಸುತ್ತ ಕೂತ ಮೂವರೇ ಒಂದು ಸಂಸಾರ. ವಾರವೆಲ್ಲ ಊರು ಅವನನ್ನು ಮೇಯರ್ ಸಾಹೇಬ್ರೇ ಅನ್ನುತ್ತಿತ್ತು. ಅಲ್ಲಿ ಮಾತ್ರ ಅವನು ಅಣ್ಣ, ಭಾವ.

"ಏನು ಭಾವ, ಕಡುಬು ಗಂಟಲಲ್ಲಿ ಕೂರ್ತಾ ಇಲ್ವಾ? ತಿರುಪು ಬೇರೇನಾ?" ಎಂದು ಎಮಿಲ್ ಕಿಚಾಯಿಸುವನು.

"ಬೆಣ್ಣೆ ಹಚ್ಚು, ಕೂರುತ್ತೆ" ಎನ್ನುವನು ಓರಿನ್. ಇಬ್ಬರೂ ಮೇಜು ಬಡಿದು ನಗುವರು, ಹೆಟ್ಟಿ ಲೋಟಗಳನ್ನು ಹಿಡಿದುಕೊಳ್ಳುವಳು.

ಮೇಯರನಾಗಿ ಅವನು ಒಳ್ಳೆಯ ಕೆಲಸ ಮಾಡಲಿಲ್ಲ ಅಂತ ಯಾರೂ ಹೇಳಲಾರರು. ಮುಖ್ಯ ಬೀದಿಯ ಕೆಸರಿಗೆ ಇಟ್ಟಿಗೆ ಹಾಸಿಸಿದ, ಬೀದಿಯಲ್ಲಿ ಹಂದಿ ಬಿಡುವುದನ್ನು ನಿಲ್ಲಿಸಿದ. ಬೆಳಗ್ಗೆ ಮೇಯರನ ನ್ಯಾಯದ ಕಟ್ಟೆಯಲ್ಲಿ ಹಿಂದಿನ ದಿನದ ಕುಡುಕರನ್ನು ಸಾಲಾಗಿ ನಿಲ್ಲಿಸಿದರೆ ಇವನು ಬೈಯುವ ಬೈಗುಳಕ್ಕೇ ಅರ್ಧ ಜನರ ನಶೆ ಇಳಿಯುತ್ತಿತ್ತು. ಆಮೇಲೆ ಅವರಲ್ಲಿ ಹರಿದ ಬೂಟಿನವರನ್ನು ತನ್ನ ಅಂಗಡಿಗೆ ಕರೆದುಕೊಂಡು ಹೋಗಿ ಹೊಲಿದುಕೊಟ್ಟು ಕಳಿಸುತ್ತಿದ್ದ. ದೊಡ್ಡ ಮನಸ್ಸು. ಒಂದೇ ಒಂದು ದೌರ್ಬಲ್ಯ, ಚಪ್ಪಾಳೆ. ಎಲ್ಲಾದರೂ ಚಪ್ಪಾಳೆ ಕೇಳಿಸಿದರೆ ದಳದ ಮುದಿ ಕುದುರೆ ಗಂಟೆ ಕೇಳಿದ ಹಾಗೆ ಅವನ ಕಿವಿ ನಿಮಿರುತ್ತಿತ್ತು.

ಸಾವಿರದ ಒಂಬೈನೂರ ಹನ್ನೊಂದರ ಶರತ್ಕಾಲದಲ್ಲಿ ನಗರಸಭೆಯ ಮುಂದೆ ಒಂದು ಠರಾವು ಬಂತು. ಎರಡೂ ದಡದ ನಲ್ಲಿಕಂಬ, ಪೈಪುಗಳಿಗೆಲ್ಲ ಒಂದೇ ತಿರುಪು ಇರಬೇಕು ಎಂದು. ಚುನಾವಣೆಗೆ ಕೆಲವೇ ವಾರ ಉಳಿದಿತ್ತು; ಮೋಟಾರು ಮಾರುವ ಪೀಕ್ ಎಂಬವನು ಎದುರಾಳಿಯಾಗಿ ಹಲ್ಲು ಮಸೆಯುತ್ತಿದ್ದ. ಸಭೆಯಲ್ಲಿ ಎರಡು ಕಡೆಯ ಸದಸ್ಯರೂ ಸಮಸಮ. ಹಾಗೆ ಸಮ ಬಿದ್ದರೆ ಮೇಯರನ ಓಟೇ ತೀರ್ಪು.

ಆ ಭಾನುವಾರ ಎಮಿಲ್ ನಗಲಿಲ್ಲ. "ಭಾವ, ಆಟ ಸಾಕು. ನಮ್ಮ ಪೈಪು ಹಳೇದಾಗಿದೆ, ಯಾವಾಗ ಸಿಡಿಯುತ್ತೋ ಗೊತ್ತಿಲ್ಲ. ಸಿಡಿದ್ರೆ ನಿಮ್ಮದನ್ನು ಹಾಕೋಕೂ ಆಗಲ್ಲ. ನಮ್ಮ ಹುಡುಗರನ್ನ ನಾನು ಒಪ್ಪಿಸ್ತೀನಿ. ನೀನು ಹ್ಞೂಂ ಅಂದ್ರೆ ಮುಗೀತು."

"ಆಯ್ತು ಕಣೋ. ಕೈ ಎತ್ತುತೀನಿ" ಅಂದ ಓರಿನ್.

"ಅದೇನು ಅಷ್ಟು ದೊಡ್ಡ ಕೆಲಸಾನಾ ಅಣ್ಣ?" ಎಂದು ಹೆಟ್ಟಿ ಕೇಳಿದಳು.

"ನಿಂಗೆ ಅರ್ಥ ಆಗಲ್ಲ ಬಿಡು. ಊರಿಡೀ ಅಗೆದು ಹಾಕೋ ಕೆಲಸ" ಎಂದ ಅವನು ದೊಡ್ಡಸ್ತಿಕೆಯಿಂದ. ಸುಳ್ಳು ಹೇಳಬೇಕು ಅಂತ ಅಲ್ಲ, ತಂಗಿಯ ಮುಂದೆ ಸ್ವಲ್ಪ ಮೆರೆಯುವ ಆಸೆ. ಹೆಟ್ಟಿ ಹೆಮ್ಮೆಪಟ್ಟು ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.

ಸಭೆಯ ದಿನ ಹಿಂದಿನ ಬೆಂಚುಗಳ ತುಂಬ ಪೂರ್ವದ ಕೆಂಪು ಅಂಗಿಗಳು. ಹಳೆಯ ಗೆಳೆಯರು, ಬಿಳಿ ಮೀಸೆಯವರು, ತುತ್ತೂರಿಗೆ ಚಂದಾ ಕೊಟ್ಟವರು. ಓಟು ಸಮ ಬಿತ್ತು. ಎಲ್ಲರ ಕಣ್ಣು ಮೇಯರನ ಮೇಲೆ. ಓರಿನ್ ಎದ್ದು ನಿಂತ, ಕೈ ಎತ್ತಲು ಹೊರಟೇ ಇದ್ದ. ಅಷ್ಟರಲ್ಲಿ ಹಿಂದಿನಿಂದ ಯಾವನೋ, "ಓರಿನ್ ತಿರುಪು!" ಎಂದು ಕೂಗಿದ. ಇನ್ನೊಬ್ಬ ಕೂಗಿದ. ಕಾಲು ನೆಲಕ್ಕೆ ಬಡಿಯತೊಡಗಿದವು. "ಓರಿನ್ ತಿರುಪು! ಓರಿನ್ ತಿರುಪು!" ಕಟ್ಟಡ ಅದುರಿತು. ಓರಿನ್‌ನ ಕೈ ಅರ್ಧಕ್ಕೇ ನಿಂತು, ಮೀಸೆ ನೇವರಿಸಿಕೊಂಡು ಕೆಳಗಿಳಿಯಿತು.

"ಇದೇನು ಇವತ್ತೇ ಆಗಬೇಕಾದ್ದಲ್ಲ. ಚುನಾವಣೆ ಮುಗೀಲಿ, ನೋಡೋಣ" ಎಂದುಬಿಟ್ಟ.

ಚಪ್ಪಾಳೆ ಮುಗಿಯುವವರೆಗೆ ಎಮಿಲ್ ಗೋಡೆಗೊರಗಿ ನಿಂತಿದ್ದ. ಆಮೇಲೆ ಟೋಪಿ ತಲೆಗಿಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ಅಂದ: "ಸರಿ ಭಾವ. ಬೆಂಕಿಗೂ ಒಂದು ಮಾತು ಹೇಳಿ ಕಳಿಸು, ಚುನಾವಣೆ ಮುಗಿದ ಮೇಲೆ ಬಾ ಅಂತ."

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಓರಿನ್. ಮೆಟ್ಟಿಲ ಹತ್ತಿರ ಭಾವಮೈದುನನ ಹೆಗಲ ಮೇಲೆ ಕೈಹಾಕಿ, "ಕೆಲವೇ ವಾರ ಕಣೋ, ಕೋಪ ಮಾಡ್ಕೋಬೇಡ" ಅಂದ. "ಕೆಲವು ವಾರ ಏನು ಮಹಾ" ಎಂದು ಎಮಿಲ್ ಸೇತುವೆಯ ಕಡೆ ಹೊರಟ. ಆ ಭಾನುವಾರವೂ ಕಡುಬಿತ್ತು, ನಗುವೂ ಇತ್ತು. ಅದೇ ಕೊನೆಯದು.

ಮುಂದಿನ ಶನಿವಾರ ಮಧ್ಯಾಹ್ನ, ಒಣ ಗಾಳಿ ಬೀಸುತ್ತಿದ್ದಾಗ, ಎಮಿಲ್‌ನ ಪೀಪಾಯಿ ಸಾಲೆಯ ಒಲೆಯಿಂದ ಮರದ ಹೊಟ್ಟಿಗೆ ಕಿಡಿ ತಾಗಿತು. ಪಶ್ಚಿಮದ ದಳ ತಕ್ಷಣ ಬಂತು, ಮೆಟ್ಟಿಲಿಗೆ ನೀರು ಹಾಯಿಸಿತು. ಮಹಡಿಯ ಮೇಲೆ ಯೋಸ್ಟ್ ಎಂಬ ಕಿವುಡ ಮುದುಕ ಹಲಗೆ ಹೆರೆಯುತ್ತಿದ್ದ. ಕೂಗು ಅವನಿಗೆ ಎಲ್ಲಿ ಕೇಳಬೇಕು? ಎಮಿಲ್ ನೀರಿನ ಧಾರೆಯ ಹಿಂದೆಯೇ ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ. ಅವನು ಮೇಲೆ ಮುಟ್ಟಿದ ಮೇಲೆ ಹಳೆಯ ಪೈಪು ಉದ್ದಕ್ಕೆ ಸೀಳಿ ಹೋಯಿತು.

ಅಷ್ಟರಲ್ಲಿ ಸೇತುವೆಯ ಮೇಲೆ ಗಂಟೆ! ಪೂರ್ವದ ದಳ, ಹೊಸ ಪೈಪು, ಕೊಬ್ಬಿದ ಕುದುರೆಗಳು, ಮುಂದೆ ಬೆಳ್ಳಿ ತುತ್ತೂರಿ ಹಿಡಿದ ಮೇಯರ್. ಪಶ್ಚಿಮದವರು ಹಿಂದೆಂದೂ ದಾರಿ ಬಿಟ್ಟವರಲ್ಲ, ಅವತ್ತು ಬಿಟ್ಟರು. "ಬನ್ನಿ, ಬೇಗ ಬನ್ನಿ, ಮಾರಾಯ್ರೇ!" ಎಂದು ಬೇಡಿಕೊಂಡರು. ಪೂರ್ವದ ಹುಡುಗರು ಪೈಪಿನ ಬಾಯಿಯನ್ನು ನಲ್ಲಿಕಂಬಕ್ಕೆ ಇಟ್ಟು ತಿರುಗಿಸಿದರು. ತಿರುಗಿಸಿದರು. ತಿರುಗಿಸುತ್ತಲೇ ಇದ್ದರು.

ಓರಿನ್ ತುತ್ತೂರಿ ಬಿಸಾಡಿ ಮಂಡಿಯೂರಿ ತಾನೇ ಹಿಡಿದ. ಅಂಗೈ ಹರಿದು ರಕ್ತ ಬಂತು, ತಿರುಪು ಹಿಡಿಯಲಿಲ್ಲ. ಬಂಡಿಯ ಕುದುರೆಯ ಪಟ್ಟಿಯನ್ನೇ ಕೊಯ್ದು, ಎರಡು ಬಾಯಿಗಳನ್ನೂ ಸೇರಿಸಿ ಚರ್ಮ ಸುತ್ತಿ ಬಿಗಿದ. ಅವನು ಬಿಗಿದದ್ದು ಎಂದೂ ಬಿಚ್ಚಿದ್ದಿಲ್ಲ. ನೀರು ಬಿಟ್ಟರು. ಚರ್ಮದ ಸಂದಿಯಿಂದ ಎಲ್ಲ ಕಡೆಗೂ ಚಿಮ್ಮಿ ಅವನ ಮುಖ ಮೈ ತೋಯಿಸಿತು, ಕಾಲ ಬುಡದಲ್ಲಿ ಕೆಸರಾಯಿತು. ಪೈಪಿನ ತುದಿಯಲ್ಲಿ ಬಂದದ್ದು ತೊಟ್ಟಿಕ್ಕುವ ನೀರು. ಬೆಣ್ಣೆಯ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ, ಆದರೆ ಎಲ್ಲರಿಗೂ ಅದೇ ನೆನಪಾಗುತ್ತಿತ್ತು.

ಹೆಟ್ಟಿ ಗೇಟಿನ ಹತ್ತಿರ ಏಪ್ರನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲನ್ನೇ ನೋಡುತ್ತಿದ್ದಳು. ಮಹಡಿಯ ಕಿಟಕಿಯಲ್ಲಿ ಎಮಿಲ್ ಕಾಣಿಸಿದ. ಮುದುಕನನ್ನು ಎತ್ತಿ ಕೆಳಗೆ ಹಿಡಿದ ಕಂಬಳಿಗೆ ಹಾಕಿದ. ಮುದುಕ ಉಳಿದ. ಎಮಿಲ್ ಒಂದು ಕ್ಷಣ ಕೆಳಗೆ ನೋಡಿದ. ನೀರೆಲ್ಲಿ ಎಂದು ನೋಡಿದನೋ, ಭಾವನನ್ನು ನೋಡಿದನೋ, ಯಾರು ಹೇಳಬೇಕು? ಆಮೇಲೆ ಸೂರು ಕುಸಿಯಿತು.

ಈಗ ಕೇಳಿ ಊರಿನ ಬುದ್ಧಿ. ಯಾರೂ ಓರಿನ್‌ನನ್ನು ಬೈಯಲಿಲ್ಲ. ಹೇಗೆ ಬೈದಾರು? ಕಾಲು ಬಡಿದವರೆಲ್ಲ ಇವರೇ. ಪತ್ರಿಕೆ ಮೇಯರನ ಹರಿದ ಅಂಗೈಯ ಬಗ್ಗೆ ಬರೆದು ಕಣ್ಣೀರು ಹಾಕಿತು. ಚುನಾವಣೆಯಲ್ಲಿ ಹಿಂದೆಂದೂ ಬೀಳದಷ್ಟು ಓಟು ಬಿತ್ತು, ಪಶ್ಚಿಮದವರೂ ಹಾಕಿದರು. ಪಾಪ, ಭಾವಮೈದುನನನ್ನು ಕಳೆದುಕೊಂಡ ಎಂದು. ಹೊಸ ಸಭೆಯ ಮೊದಲ ದಿನ ತಿರುಪಿನ ಠರಾವು ಒಂದೇ ಬಾಯಲ್ಲಿ ಪಾಸಾಯಿತು. ಮೇಯರನ ಓಟು ಬೇಕಾಗಲೇ ಇಲ್ಲ. ಕಮ್ಮಾರ ಒಂದು ಬಂಡಿಯಲ್ಲಿ ಸಾಮಾನು ಹಾಕಿಕೊಂಡು ಬೀದಿ ಬೀದಿ ತಿರುಗಿ, ವಾರ ತುಂಬುವುದರೊಳಗೆ ಕೆಲಸ ಮುಗಿಸಿದ. ಆಗ ಹೆಟ್ಟಿ ಮನೆಯಿಂದ ಹೊರಗೇ ಬರುತ್ತಿರಲಿಲ್ಲ.

ಓರಿನ್ ಭಾನುವಾರ ಸೇತುವೆ ದಾಟುವುದನ್ನು ಬಿಡಲಿಲ್ಲ. ಬೈಗುಳ ತಿನ್ನಲೆಂದೇ ಹೋಗುತ್ತಿದ್ದ. ಅವಳು ಬೈದರೆ, ಹೊಡೆದರೆ, ಮುಖಕ್ಕೆ ಉಗಿದರೆ ಎದೆ ಹಗುರಾದೀತು ಎಂದು ಬಾಗಿಲು ತಟ್ಟುತ್ತಿದ್ದ. ಹೆಟ್ಟಿ ಬಾಗಿಲು ತೆರೆದು ತಟ್ಟೆ ಹಾಕುತ್ತಿದ್ದಳು.

"ಹೆಟ್ಟಿ, ಅವತ್ತು ಸಭೇಲಿ ನಾನು..."

"ಕಾಫಿ ಆರಿಹೋಗುತ್ತೆ ಅಣ್ಣ, ಕುಡಿ."

ಇನ್ನೊಂದು ಭಾನುವಾರ ಮತ್ತೆ ಬಾಯಿ ತೆರೆದಾಗ ಅವಳೇ ಅಂದಳು: "ನಿನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು ಅಂತ ನಂಗೆ ಗೊತ್ತು. ಊರಿಡೀ ಅಗೀಬೇಕಿತ್ತು ಅಂತ ನೀನೇ ಹೇಳಿದ್ದೆಯಲ್ಲ. ಒಂದು ವಾರದಲ್ಲಿ ಎಲ್ಲಿ ಆಗ್ತಿತ್ತು? ನೀನು ಕೈ ಎತ್ತಿದ್ರೂ ಅವನು ಉಳೀತಿರಲಿಲ್ಲ. ಸುಮ್ಮನೆ ಕೊರಗಬೇಡ."

ಓರಿನ್ ಕಾಫಿ ಲೋಟ ಕೆಳಗಿಟ್ಟ. ಅಲ್ಲೇ ಹೇಳಬೇಕಿತ್ತು: ಹಾಗಲ್ಲ ಹೆಟ್ಟಿ, ನಾನು ಸುಮ್ಮನೆ ಕೊಚ್ಚಿಕೊಂಡದ್ದು, ಅದು ಒಂದು ಬಂಡಿಯ, ನಾಲ್ಕು ದಿನದ ಕೆಲಸ, ಪಶ್ಚಿಮದ ಬೀದಿಗಳನ್ನೇ ಮೊದಲು ಮಾಡಿಸಿದ್ದರೆ ಶನಿವಾರಕ್ಕೆ ಮುಗಿದಿರುತ್ತಿತ್ತು. ಹೇಳಲಿಲ್ಲ. ಅವಳು ತನಗಾಗಿ ಕಟ್ಟಿಕೊಂಡ ಆ ಸಮಾಧಾನವೇ ಇವನು ಕೂರುವ ಕುರ್ಚಿಯಾಗಿತ್ತು. ಅದನ್ನು ಎಳೆದುಬಿಟ್ಟರೆ ತನಗೆ ಈ ಲೋಕದಲ್ಲಿ ಉಳಿಯುವುದೇನು ಎಂದು ಹೆದರಿದ. ಇವತ್ತು ಬೇಡ, ಮುಂದಿನ ಭಾನುವಾರ ಹೇಳೋಣ ಎಂದುಕೊಂಡ. ಹಾಳಾದ ಮನುಷ್ಯ, ಮತ್ತೆ ಅದೇ ತಪ್ಪು! ಮುಂದಿನ ಭಾನುವಾರ, ಅದರ ಮುಂದಿನದು, ಹೀಗೆ ವರ್ಷಗಳೇ ಹೋದವು.

ಮೇಯರಗಿರಿ ಬಿಟ್ಟ. ಊರಿಗೆ ಮೋಟಾರು ಬಂದು ಜೀನು ಹೊಲಿಸುವವರು ಕಡಿಮೆಯಾದರು. ಯೂರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲದ ಒಂದು ಬೇಸಗೆಯಲ್ಲಿ ನಗರಸಭೆಯೂ ಬೆಂಕಿ ಆರಿಸುವ ಮೋಟಾರು ಗಾಡಿ ತರಿಸಿತು. ಎರಡು ದಳವನ್ನೂ ಸೇರಿಸಿ ಒಂದು ಮಾಡುವ ಸಮಾರಂಭ. ಹಳೆಯ ಮೇಯರನೇ ತುತ್ತೂರಿ ಹಿಡಿದು ಆಜ್ಞೆ ಕೊಡಬೇಕೆಂದು ಎಲ್ಲರೂ ಹಠ ಹಿಡಿದರು. ಎಮಿಲ್‌ನ ಹೆಂಡತಿಯೂ ಬರಲೇಬೇಕು ಎಂದು ಹೆಟ್ಟಿಯನ್ನು ಕರೆತಂದು ಮೊದಲ ಸಾಲಿನಲ್ಲಿ, ಓರಿನ್‌ನ ಪಕ್ಕದಲ್ಲೇ ಕೂರಿಸಿದರು.

ಬ್ಯಾಂಡು ನಿಂತಿತು. ಓರಿನ್ ಎದ್ದು ತುತ್ತೂರಿಯಲ್ಲಿ, "ನೀರು!" ಎಂದು ಕೂಗಿದ. ಅದೇ ಹಳೆಯ ಗಂಟಲು; ಜನ ಹೋ ಎಂದರು. ಪೂರ್ವದ ಒಬ್ಬ, ಪಶ್ಚಿಮದ ಒಬ್ಬ ಓಡಿಬಂದು ತಮ್ಮ ತಮ್ಮ ಪೈಪಿನ ಬಾಯಿಗಳನ್ನು ಒಂದಕ್ಕೊಂದು ಇಟ್ಟರು. ಮಣಿಕಟ್ಟು ಒಮ್ಮೆ ತಿರುಗಿತು, ಇನ್ನೊಮ್ಮೆ ತಿರುಗಿತು. ಕೂತಿತು. ನೀರು ಚಿಮ್ಮಿ ಟೌನ್ ಹಾಲಿನ ಗೋಪುರದವರೆಗೆ ಏರಿತು. ಚಪ್ಪಾಳೆಯೋ ಚಪ್ಪಾಳೆ.

ಓರಿನ್ ಬಂದು ಕೂತ. ಹೆಟ್ಟಿ ನೀರನ್ನು ನೋಡುತ್ತಿರಲಿಲ್ಲ. ಆ ಎರಡು ಹಿತ್ತಾಳೆ ಬಾಯಿ ಸೇರಿದ ಜಾಗವನ್ನೇ ನೋಡುತ್ತಿದ್ದಳು.

"ಇಷ್ಟೇನಾ ಅಣ್ಣ?" ಎಂದು ಕೇಳಿದಳು.

ಅವನು ಬಾಯಿ ತೆರೆದ. 

"ಇಷ್ಟೇ, ಹೆಟ್ಟಿ."

"ಊರು ಅಗೆಯೋದು?"

"ಅದು ನಾನು ಸುಮ್ಮನೆ ಹೇಳಿದ್ದು."

ಅವಳು ಎದ್ದಳು. ಕೈಚೀಲ ತೆಗೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಸೇತುವೆಯ ಕಡೆ ನಡೆದುಹೋದಳು.

ಭಾನುವಾರ ಓರಿನ್ ಎಂದಿನ ಹೊತ್ತಿಗೆ ಹೋದ. ಬಾಗಿಲು ಹಾಕಿತ್ತು. ಒಳಗೆ ಹುಳಿ ಎಲೆಕೋಸು ಬೇಯುವ ವಾಸನೆ, ತಟ್ಟೆ ಇಡುವ ಸದ್ದು, ಒಂದೇ ತಟ್ಟೆ. ತಟ್ಟಿದ. ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಹೊಳೆಯಾಚೆಗೂ ಮುಟ್ಟುವ ಗಂಟಲು. ಒಂದು ಸಲ ಅವಳ ಹೆಸರು ಹಿಡಿದು ಕೂಗಿದ್ದರೆ ಬೀದಿಯೇ ಎದ್ದು ಬರುತ್ತಿತ್ತು. ಅವನು ಬಾಗಿಲ ಸಂದಿಗೆ ಬಾಯಿಟ್ಟು, ತನಗೇ ಕೇಳದಷ್ಟು ಮೆಲ್ಲಗೆ, "ನಾನು ಕೈ ಎತ್ತಬೇಕಿತ್ತು ಹೆಟ್ಟಿ" ಅಂದ. ಸ್ವಲ್ಪ ಹೊತ್ತು ಕಾದು, ಟೋಪಿ ಹಾಕಿಕೊಂಡು ಸೇತುವೆ ದಾಟಿ ಮನೆಗೆ ಬಂದ.